ಹೊಡೆದು ಹಾಕಿದ ಪದ

ನಮ್ಮ ಮನೆಯಲ್ಲಿ ಕಾಗದ ಬರೆಯುವುದಕ್ಕೆ ಒಂದು ಅಚ್ಚಿತ್ತು. ಚನ್ನರಾಯಪಟ್ಟಣದ ಸೋದರಮಾವನಿಗಾದರೆ ‘ತೀರ್ಥರೂಪು ಸಮಾನರಾದ ಮಾವನವರಿಗೆ’. ಅರಕಲಗೂಡಿಗೆ ಕೊಟ್ಟಿದ್ದ ಅಕ್ಕನಿಗೆ ಅಪ್ಪ ಬರೆಯುವಾಗ ‘ಚಿ॥ ಸೌ॥’. ಹಾಸನದಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪನಿಗೆ ‘ಚಿರಂಜೀವಿ’. ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’, ಅದನ್ನೂ ಪೂರ್ತಿ ಬರೆಯುವ ವ್ಯವಧಾನವಿಲ್ಲದೆ ‘ಉ॥ ಕು॥ ಸಾಂ॥’. ಅದಾದ ಮೇಲೆ ಮಳೆ, ಆಲೂಗಡ್ಡೆ ರೇಟು, ಹಸು ಕರು ಹಾಕಿದ್ದು, ಯಾರದೋ ಮದುವೆ. ಸಾವಿನ ಕಾಗದಕ್ಕೆ ಮಾತ್ರ ತಲೆಯ ಮೇಲೆ ‘ಕ್ಷೇಮ’ ಎಂದು ಬರೆಯುತ್ತಿರಲಿಲ್ಲ. ಅದನ್ನು ಓದಿದ ಕೂಡಲೇ ಹರಿದು ಹಾಕುತ್ತಿದ್ದರು.

ಹೊಳೆನರಸೀಪುರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಅಜ್ಜಿ ಹೇಳಿದ್ದನ್ನು ಬರೆಯುತ್ತಾ ಬರೆಯುತ್ತಾ ಈ ಅಚ್ಚು ನನಗೆ ಚಿಕ್ಕಂದಿನಲ್ಲೇ ಬಾಯಿಪಾಠವಾಗಿತ್ತು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. “ಇಲ್ಲಿ ಎಲ್ಲಾ ಚೆನ್ನಾಗಿದ್ದೀವಿ ಅಂತ ಬರಿ ಮಗ” ಎನ್ನುತ್ತಿದ್ದಳು, ಮನೆಯಲ್ಲಿ ಯಾರಿಗಾದರೂ ಜ್ವರವಿದ್ದರೂ. ಅದು ಸುಳ್ಳಲ್ಲವೇ ಎಂದು ಆಗ ನನಗೆ ಅನ್ನಿಸಿರಲಿಲ್ಲ. ಕಾಗದ ಎಂದರೆ ಹಾಗೆಯೇ ಎಂದುಕೊಂಡಿದ್ದೆ.

ಈ ಅಚ್ಚು ಮೊದಲ ಸಲ ಕೈಕೊಟ್ಟದ್ದು ಪಿಯುಸಿ ಓದುವಾಗ, 1993ರಲ್ಲಿ. ವಾರಪತ್ರಿಕೆಯೊಂದರ ಪತ್ರಮಿತ್ರರ ಅಂಕಣದಲ್ಲಿ ಕಾಸರಗೋಡು ಜಿಲ್ಲೆಯ ಹುಡುಗನೊಬ್ಬನ ವಿಳಾಸವಿತ್ತು. ಹವ್ಯಾಸದ ಮುಂದೆ ಎಲ್ಲರೂ ಬರೆಯುವಂತೆ ‘ಓದುವುದು, ಅಂಚೆಚೀಟಿ ಸಂಗ್ರಹ, ಪತ್ರಮೈತ್ರಿ’. ನೀಲಿ ಇನ್‌ಲ್ಯಾಂಡ್ ಲೆಟರ್ ಬಿಚ್ಚಿಟ್ಟುಕೊಂಡು ಕೂತೆ. ಮೇಲೆ ಏನೆಂದು ಬರೆಯುವುದು? ಅವನು ನನಗೆ ತೀರ್ಥರೂಪನಲ್ಲ, ಚಿರಂಜೀವಿಯೂ ಅಲ್ಲ. ನೀವು ಎನ್ನಬೇಕೋ ನೀನು ಎನ್ನಬೇಕೋ ಅದೂ ತಿಳಿಯದು. ಸಂಬಂಧವೇ ಇಲ್ಲದವನಿಗೆ ಬರೆಯಲು ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. ಕೊನೆಗೆ ‘ಪ್ರಿಯ ಮಿತ್ರರೇ’ ಎಂದು ಬರೆದೆ. ಐದನೆಯ ಕಾಗದದ ಹೊತ್ತಿಗೆ ‘ನೀವು’ ಹೋಗಿ ‘ನೀನು’ ಬಂತು. ಮೊದಲು ಬಿಟ್ಟವನು ಅವನೇ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತೆಂದು ಪಾಠದಲ್ಲಿ ಓದಿದ್ದೆ. ಅದರ ಅರ್ಥ ಲಕೋಟೆಯ ಮೇಲೆ ಗೊತ್ತಾಯಿತು. “ವಿಳಾಸ ಇಂಗ್ಲಿಷಿನಲ್ಲಿ ಬರೆ, ಒಳಗೆ ಕನ್ನಡ ಸಾಕು” ಎಂದು ಅವನು ಮೊದಲೇ ಹೇಳಿದ್ದ. ನನ್ನ ಪಿನ್‌ಕೋಡು 573211, ಐದರಿಂದ ಶುರು. ಅವನದು ಆರರಿಂದ. ಅಡಿಕೆ ಮರಕ್ಕೆ ಅವನು ‘ಕಂಗು’ ಎನ್ನುತ್ತಿದ್ದ. ನಾನು ಹೇಮಾವತಿಯ ಬಗ್ಗೆ ಬರೆದರೆ ಅವನು ಸಮುದ್ರದ ಬಗ್ಗೆ ಬರೆಯುತ್ತಿದ್ದ. “ಮುಖ ನೋಡದವನಿಗೆ ಅಷ್ಟುದ್ದ ಏನೋ ಬರೀತೀಯ?” ಎಂದು ಅಪ್ಪ ಕೇಳಿದ್ದರು. ಆವತ್ತು ನನ್ನಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಸಾಮಾನ್ಯವಾಗಿ ಹೇಳುವ ಉತ್ತರಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಕಾಗದದ ವಾಸನೆ, ಇಂಕಿನ ಕಲೆ, ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ಲು, ಇವೆಲ್ಲ ಹಳೆಯದರ ಮೇಲಿನ ಮೋಹ. ಆ ಕಾಲ ಎಲ್ಲರಿಗೂ ಸುಖದ ಕಾಲವಾಗಿರಲಿಲ್ಲ. ಅಜ್ಜಿ ತನ್ನ ಮಗಳಿಗೆ ಗುಟ್ಟಾಗಿ ಹೇಳಬೇಕಾದದ್ದನ್ನೂ ಮೊಮ್ಮಗನ ಕೈಯಲ್ಲಿ ಬರೆಸಬೇಕಿತ್ತು. ನನ್ನ ತರಗತಿಯ ಹುಡುಗಿಯರ ಹೆಸರಿಗೆ ಅಪರಿಚಿತ ಕಾಗದ ಬಂದರೆ ಅದು ಮೊದಲು ಅಪ್ಪನ ಕೈಗೋ ಅಣ್ಣನ ಕೈಗೋ ಹೋಗುತ್ತಿತ್ತು. ಪತ್ರಮೈತ್ರಿ ಎಂಬುದು ಅಕ್ಷರ ಬಲ್ಲ ಗಂಡುಹುಡುಗರಿಗೆ ಸುಲಭವಾಗಿ ಸಿಕ್ಕ ಸ್ವಾತಂತ್ರ್ಯ. ಇದನ್ನು ಒಪ್ಪಿಕೊಂಡು ಮುಂದೆ ಹೋಗಬೇಕು.

ಹಾಗಾದರೆ ಆ ಸಂತೋಷ ಯಾವುದು? ನಮ್ಮೂರ ಕಡೆಯದೇ ಒಂದು ಉದಾಹರಣೆ ಹೇಳುತ್ತೇನೆ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಕೆಲವು ದಿನ ಮಾತ್ರ ತೆರೆಯುತ್ತದೆ. ಆಮೇಲೆ ಹುಂಡಿ ಎಣಿಸುವಾಗ ಹಣದ ಜೊತೆ ಕಾಗದಗಳೂ ಸಿಗುತ್ತವೆ. ಪರೀಕ್ಷೆ ಪಾಸು ಮಾಡಿಸು, ಮದುವೆ ಮಾಡಿಸು, ಗಂಡನ ಕುಡಿತ ಬಿಡಿಸು ಎಂಬಂಥ ಬೇಡಿಕೆಗಳು. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ದೇವಿಯ ಮುಂದೆ ಬಂದವರು ಬಾಯಲ್ಲೇ ಕೇಳಬಹುದಿತ್ತಲ್ಲ? ಬಾಯಲ್ಲಿ ಕೇಳಲು ಪುರುಸೊತ್ತಿಲ್ಲ, ಹಿಂದಿನವರು ತಳ್ಳುತ್ತಾರೆ. ಕಾಗದದಲ್ಲಾದರೆ ಮಾತು ಮುಗಿಯುವವರೆಗೂ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಕಾಣದವರೊಬ್ಬರು ಪೂರ್ತಿ ಓದುತ್ತಾರೆ ಎಂಬ ಭರವಸೆಯಿಂದ ಬರೆದದ್ದು ಅದು. ಆ ಚೀಟಿಗಳನ್ನು ಟೀವಿಯವರು ಓದಿ ನಗುವಾಗ ನನಗೆ ಕಸಿವಿಸಿಯಾಗುವುದು ಅದಕ್ಕೇ. ಅವು ಅವರಿಗೆ ಬರೆದ ಕಾಗದಗಳಲ್ಲ.

ಪತ್ರಮಿತ್ರನೂ ಹಾಗೆ ಕಾಣದವನೇ. ಆದರೆ ದೇವಿಗೆ ನಮ್ಮ ವಿಷಯವೆಲ್ಲ ಮೊದಲೇ ಗೊತ್ತು ಎಂದುಕೊಂಡು ಬರೆಯುತ್ತೇವೆ. ಪತ್ರಮಿತ್ರನಿಗೆ ಏನೂ ಗೊತ್ತಿಲ್ಲ. ನಾನು ಯಾರ ಮಗ, ಕ್ಲಾಸಿನಲ್ಲಿ ಯಾವ ಬೆಂಚು, ಕೈಯಲ್ಲಿ ಎಷ್ಟು ದುಡ್ಡು, ಇದಾವುದೂ ಅವನಿಗೆ ತಿಳಿಯದು. ನಾನು ಬರೆದಷ್ಟೇ ನಾನು. ಈ ಬಿಡುಗಡೆಯಲ್ಲಿ ಸುಖವಿದೆ, ಅಪಾಯವೂ ಇದೆ. ನನ್ನ ಅಪಾಯ ಎರಡನೇ ವರ್ಷದ ಪಿಯುಸಿ ಫಲಿತಾಂಶದ ದಿನ ಬಂತು.

ಗಣಿತದಲ್ಲಿ ಫೇಲಾಗಿದ್ದೆ. ಆ ವಾರ ಅವನಿಗೆ ಕಾಗದ ಬರೆಯುವ ಸರದಿ ನನ್ನದು. ಬೇರೆ ಸುದ್ದಿಯೆಲ್ಲ ಬರೆದು ‘ಗಣಿತದಲ್ಲಿ ಫೇಲಾ’ ಎಂಬಲ್ಲಿಗೆ ಕೈ ನಿಂತಿತು. ಇನ್ನೊಂದು ಇನ್‌ಲ್ಯಾಂಡ್ ಕೊಳ್ಳಲು ಜೇಬಿನಲ್ಲಿ ಕಾಸಿರಲಿಲ್ಲ. ಆ ಪದವನ್ನು ಪೆನ್ನಿನಿಂದ ಗಸಗಸ ಹೊಡೆದು ಹಾಕಿ ಮುಂದೆ ‘ಪಾಸಾದೆ’ ಎಂದು ಬರೆದು, ಅಂಟು ಹಚ್ಚಿ ಡಬ್ಬಕ್ಕೆ ಹಾಕಿದೆ. ಊರಿನಲ್ಲೆಲ್ಲ ಗೊತ್ತಿರುವ ಸಂಗತಿಯನ್ನು ಊರೇ ನೋಡದವನಿಂದ ಮುಚ್ಚಿಟ್ಟಿದ್ದೆ. ಜಗತ್ತಿನಲ್ಲಿ ಒಂದು ಕಡೆಯಾದರೂ ನಾನು ಪಾಸಾಗಿರಲಿ ಎಂದು.

ಎರಡು ವಾರಕ್ಕೆ ಅವನಿಂದ ಪುಟ್ಟ ಪಾರ್ಸೆಲ್ ಬಂತು. ಒಳಗೆ ಒಂದು ಹೀರೋ ಪೆನ್ನು. ‘ಇನ್ನು ಮುಂದೆ ಇದರಲ್ಲಿ ಬರೆ’ ಎಂಬ ಒಂದೇ ಸಾಲು. ಅಷ್ಟು ದುಃಖ ನನಗೆ ಫಲಿತಾಂಶದ ದಿನವೂ ಆಗಿರಲಿಲ್ಲ. ಎರಡು ತಿಂಗಳು ಆ ಪೆನ್ನಿಗೆ ಇಂಕು ಹಾಕಲಿಲ್ಲ. ಅವನ ಮುಂದಿನ ಕಾಗದಕ್ಕೆ ಉತ್ತರವನ್ನೂ ಬರೆಯಲಿಲ್ಲ. ಸುಳ್ಳು ಹೇಳಿದರೆ ಹೇಳಿಸಿಕೊಂಡವನಿಗೆ ನಷ್ಟ ಎಂದುಕೊಂಡಿದ್ದೆ. ನಷ್ಟವಾದದ್ದು ನನಗೆ. ಮನಸ್ಸು ಬಿಚ್ಚಿ ಮಾತಾಡಲು ಇದ್ದ ಒಂದೇ ಜಾಗವೂ ಹೋಗಿತ್ತು. ಕೊನೆಗೆ ಒಂದು ದಿನ ಅದೇ ಪೆನ್ನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ, ಪೆನ್ನು ವಾಪಸು ಕಳಿಸಲೇ ಎಂದೂ ಕೇಳಿದೆ.

ಉತ್ತರಕ್ಕೆ ಹದಿನೇಳು ದಿನ ಹಿಡಿಯಿತು. ಅವನು ಬರೆದಿದ್ದ: “ಹೊಡೆದು ಹಾಕಿದ ಪದವನ್ನು ಆವತ್ತೇ ಬೆಳಕಿಗೆ ಹಿಡಿದು ಓದಿದ್ದೆ. ಪೆನ್ನು ಕಳಿಸಿದ್ದು ಪಾಸಾದದ್ದಕ್ಕಲ್ಲ. ನೀನೇ ಹೇಳುತ್ತೀಯ ಎಂದು ಕಾದೆ.”

ಆ ಇನ್‌ಲ್ಯಾಂಡನ್ನು ಓದಿದ ಮೇಲೆ ಅಪ್ಪನ ಪ್ರಶ್ನೆಗೆ ಉತ್ತರ ನಿಧಾನವಾಗಿ ಸಿಗತೊಡಗಿತು. ಮುಖ ನೋಡದವನಿಗೆ ಬರೆಯುವ ಸಂತೋಷ ಎಂದರೆ, ಬರೀ ಮಾತಿನ ಮೇಲೆ ನಂಬಿಸಿಕೊಳ್ಳುವ ಸಂತೋಷ. ಊರಿನಲ್ಲಿ ನಮ್ಮನ್ನು ನಂಬುವವರಿಗೆ ಬೇರೆ ಆಧಾರಗಳಿರುತ್ತವೆ: ಮನೆತನ, ಮಾರ್ಕ್ಸ್ ಕಾರ್ಡು, ನಾಲ್ಕು ಜನರ ಮಾತು. ಪತ್ರಮಿತ್ರ ಇದಾವುದೂ ಇಲ್ಲದೆ ನಂಬುತ್ತಾನೆ. ಅದು ನಮ್ಮ ಯೋಗ್ಯತೆಗಿಂತ ಹೆಚ್ಚಿನ ನಂಬಿಕೆ, ಒಂದು ಬಗೆಯ ಸಾಲ. ಬದುಕಿಯೇ ಅದನ್ನು ತೀರಿಸಬೇಕು.

1909ರ ಅಕ್ಟೋಬರಿನಲ್ಲಿ ಗಾಂಧಿ ಲಂಡನ್ನಿನಿಂದ ಟಾಲ್‌ಸ್ಟಾಯ್‌ಗೆ ಮೊದಲ ಕಾಗದ ಬರೆದರು, ದಕ್ಷಿಣ ಆಫ್ರಿಕಾದ ತಮ್ಮ ಹೋರಾಟದ ಬಗ್ಗೆ. 1910ರ ನವೆಂಬರಿನಲ್ಲಿ ಟಾಲ್‌ಸ್ಟಾಯ್ ತೀರಿಕೊಂಡರು. ನಡುವೆ ಓಡಾಡಿದ್ದು ಬೆರಳೆಣಿಕೆಯ ಕಾಗದಗಳು. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಆದರೂ ಜೊಹಾನ್ಸ್‌ಬರ್ಗ್ ಬಳಿ 1910ರಲ್ಲಿ ಶುರುವಾದ ವಸತಿಗೆ ‘ಟಾಲ್‌ಸ್ಟಾಯ್ ಫಾರ್ಮ್’ ಎಂದೇ ಹೆಸರಾಯಿತು. ಅದನ್ನು ನಾನು ಹೀಗೆ ಓದುತ್ತೇನೆ: ಕಾಣದವರಿಗೆ ಒಂದು ಮಾತು ಬರೆದು ಕೊಟ್ಟ ಮೇಲೆ ಅದಕ್ಕೆ ತಕ್ಕ ಹಾಗೆ ಇರಬೇಕಾಗುತ್ತದೆ. ಕಾಗದದ ಮೇಲಿನ ನಾನು ಸುಳ್ಳು ನಾನಲ್ಲ, ಇನ್ನೂ ಆಗಬೇಕಾಗಿರುವ ನಾನು.

ಹಾಗಾದರೆ ಕೈಬರಹವೇ ಯಾಕೆ, ಇಮೇಲ್ ಆಗದೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೈಬರಹ ಯಾರನ್ನೂ ಸತ್ಯವಂತರನ್ನಾಗಿ ಮಾಡುವುದಿಲ್ಲ. ಜಾಣನಾದವನು ಮೊದಲು ಕರಡು ಬರೆದು, ಆಮೇಲೆ ಮುತ್ತಿನಂಥ ಅಕ್ಷರದಲ್ಲಿ ಸುಳ್ಳನ್ನು ನಕಲು ಮಾಡಬಲ್ಲ. ಆದರೆ ಒಂದು ವ್ಯತ್ಯಾಸವಿದೆ. ಮೊಬೈಲಿನಲ್ಲಿ ಅಳಿಸಿದ್ದು ಅಳಿದೇ ಹೋಗುತ್ತದೆ. ಎದುರಿನವರಿಗೆ ಸಿಗುವುದು ನಮ್ಮ ತೀರ್ಮಾನ ಮಾತ್ರ, ತೀರ್ಮಾನಕ್ಕೆ ಮೊದಲಿನ ಅಳುಕು ಸಿಗುವುದಿಲ್ಲ. ಕಾಗದದಲ್ಲಿ ಹೊಡೆದು ಹಾಕಿದ ಪದವೂ ಹೋಗಿ ತಲುಪುತ್ತದೆ. ಅಕ್ಷರ ಎಲ್ಲಿ ನಡುಗಿತು, ಎಲ್ಲಿ ಅವಸರ ಮಾಡಿತು, ಎಲ್ಲಿ ಜಾಗ ಸಾಲದೆ ಮಡಿಕೆಯ ಅಂಚಿನಲ್ಲಿ ಅಡ್ಡಡ್ಡ ಬರೆಯಬೇಕಾಯಿತು, ಎಲ್ಲವನ್ನೂ ಓದುವವರು ನೋಡುತ್ತಾರೆ. ನಮ್ಮ ತಪ್ಪು ಅವರ ಕೈಯಲ್ಲಿರುತ್ತದೆ. ಅದನ್ನು ಏನು ಮಾಡಬೇಕು ಎಂಬುದೂ ಅವರಿಗೇ ಬಿಟ್ಟದ್ದು. ನನ್ನ ಗೆಳೆಯ ಅದನ್ನು ಓದಿದ, ಆಡಿ ತೋರಿಸಲಿಲ್ಲ, ಕಾದ. ಅವಸರದ ಮಾತುಕತೆಯಲ್ಲಿ ಅಂಥ ಕಾಯುವಿಕೆಗೆ ಜಾಗವಿತ್ತೇ? ಕಾಗದಕ್ಕೆ ಉತ್ತರ ತಡವಾಗುವುದು ಸಹಜವಾದ್ದರಿಂದ, ಅವನ ಮೌನ ನನಗೆ ಸಿಟ್ಟಿನಂತೆ ಕಾಣಲಿಲ್ಲ. ನಾಚಿಕೆಪಡಲೂ ತಿದ್ದಿಕೊಳ್ಳಲೂ ನನಗೆ ಎರಡು ತಿಂಗಳು ಸಿಕ್ಕಿತು.

ಡೆನ್ಮಾರ್ಕಿನಲ್ಲಿ 1624ರಿಂದ ನಡೆದು ಬಂದ ಸರ್ಕಾರಿ ಅಂಚೆಯ ಪರಂಪರೆಯ ಸಂಸ್ಥೆ 2025ರ ಕೊನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ಇನ್ನೊಂದು ಕಡೆ, 2005ರಲ್ಲಿ ಪೋರ್ಚುಗಲ್ಲಿನಲ್ಲಿ ಶುರುವಾದ ಪೋಸ್ಟ್‌ಕ್ರಾಸಿಂಗ್ ಮೂಲಕ ಪರಿಚಯವೇ ಇಲ್ಲದವರು ಒಬ್ಬರಿಗೊಬ್ಬರು ಇಂದಿಗೂ ಕಾರ್ಡು ಬರೆಯುತ್ತಿದ್ದಾರೆ. ಅಗತ್ಯ ಮುಗಿದ ಮೇಲೂ ಒಂದು ಕೆಲಸವನ್ನು ಜನ ಮಾಡುತ್ತಾರೆಂದರೆ ಅದರಲ್ಲಿ ಸುದ್ದಿ ಮುಟ್ಟಿಸುವುದಕ್ಕಿಂತ ಬೇರೆ ಏನೋ ಇರಲೇಬೇಕು. ವಿದ್ಯಾರ್ಥಿಗಳಾದ ನಿಮ್ಮಲ್ಲಿ ಯಾರಾದರೂ ಇನ್ನೂ ಮುಖ ನೋಡದ ಒಬ್ಬರಿಗೆ ಕೈಯಾರೆ ಬರೆದು ನೋಡಿದರೆ, ಮೊದಲ ಸಾಲಿನಲ್ಲೇ ಅದು ತಿಳಿಯುತ್ತದೆ. ಏನೆಂದು ಕರೆಯಲಿ ಎಂದು ಪೆನ್ನು ನಿಲ್ಲುತ್ತದಲ್ಲ, ಅಲ್ಲಿ.

ನಾವಿಬ್ಬರೂ ಇವತ್ತಿನವರೆಗೂ ಭೇಟಿಯಾಗಿಲ್ಲ. ಅವನ ಫೋನ್ ನಂಬರ್ ನನ್ನ ಬಳಿ ಇದೆ. ಯುಗಾದಿಗೆ ಶುಭಾಶಯದ ಚಿತ್ರಗಳು ಬಂದು ಹೋಗುತ್ತವೆ. ಅವುಗಳಲ್ಲಿ ನಮ್ಮಿಬ್ಬರ ಸುದ್ದಿ ಏನೂ ಇರುವುದಿಲ್ಲ. ಕಾಗದಗಳು ವರ್ಷಕ್ಕೆ ಒಂದೋ ಎರಡೋ ಆಗಿವೆ. ಹೋದ ಸಲ ಅವನು ತಲೆಯ ಮೇಲೆ ತಮಾಷೆಗೆ ‘ಉ॥ ಕು॥ ಸಾಂ॥’ ಎಂದು ಬರೆದಿದ್ದ. ಕೆಳಗೆ, ತಾಯಿಯ ಆರೋಗ್ಯದ ವಿಷಯ ಬರೆಯುವಲ್ಲಿ, ಒಂದು ಪದವನ್ನು ಹೊಡೆದು ಹಾಕಿ ‘ಚೆನ್ನಾಗಿದ್ದಾರೆ’ ಎಂದಿತ್ತು. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ.

ಈಗ ಬರೆಯುವ ಸರದಿ ನನ್ನದು. ಆ ಪದದ ಬಗ್ಗೆ ನಾನಾಗಿ ಕೇಳುವುದಿಲ್ಲ. ನಮ್ಮ ಮನೆಯ ಸುದ್ದಿಯೆಲ್ಲ ಬರೆದು, ಬಿಡುವಾದಾಗ ಬರೆ ಎಂದು ಮುಗಿಸುತ್ತೇನೆ.