ಹಾಳೆ ತಟ್ಟೆಯ ಬಾಕಿ

ಅಡಿಕೆ ತೋಟದಲ್ಲಿ ಸೋಗೆ ಬೀಳುವ ಸದ್ದು ಕೇಳಿ ಬೆಳೆದವರಿಗೆ ಹಾಳೆ ಎಂದರೆ ಏನೆಂದು ಹೇಳಬೇಕಿಲ್ಲ. ಎಳೆಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವುದು ಹಾಳೆಯ ಮೇಲೆ. ಗದ್ದೆಗೆ ಹೊರಟವರ ತಲೆಗೆ ಹಾಳೆ ಟೊಪ್ಪಿ, ಸೆಕೆಗೆ ಹಾಳೆಯ ಬೀಸಣಿಗೆ. ನಮ್ಮನ್ನು ಕೂರಿಸಿಕೊಂಡು ಅಂಗಳದ ತುಂಬ ಓಡಿದ ಮೊದಲ ವಾಹನವೂ ಅದೇ. ಒಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಮರಕ್ಕೆ ಕತ್ತಿ ತಾಗಿಸಬೇಕಿಲ್ಲ, ತಾನಾಗಿ ಬಿದ್ದದ್ದನ್ನು ಹೆಕ್ಕಿದರಾಯಿತು.

ಆ ಹಾಳೆಯಿಂದ ತಟ್ಟೆ ಮಾಡುವ ಸಣ್ಣ ಘಟಕವೊಂದು ನಮ್ಮೂರ ರಸ್ತೆಯ ತಿರುವಿನಲ್ಲಿದೆ. ನಾಲ್ವರು ಹೆಂಗಸರು, ಎರಡು ಪ್ರೆಸ್ಸು, ಒಂದು ನೀರಿನ ತೊಟ್ಟಿ. ಒಣಗಿದ ಹಾಳೆಯನ್ನು ಉಜ್ಜಿ ತೊಳೆದು, ಸ್ವಲ್ಪ ಹೊತ್ತು ನೆನೆಹಾಕಿ, ನೀರು ಬಸಿದು, ಕಾದ ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಅಂಟಿಲ್ಲ, ಬಣ್ಣವಿಲ್ಲ. ಅಂಚು ಕತ್ತರಿಸಿದ ಚೂರು ಗೊಬ್ಬರದ ಗುಂಡಿಗೆ ಹೋಗುತ್ತದೆ. ಉಂಡು ಎಸೆದ ತಟ್ಟೆಯೂ ಕೊನೆಗೆ ಅಲ್ಲಿಗೇ.

ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ದೇಶಕ್ಕೇ ನಿಷೇಧ ಬಂತು. ಇನ್ನು ಹಾಳೆ ತಟ್ಟೆಗೆ ಒಳ್ಳೆಯ ಕಾಲ ಅಂದುಕೊಂಡೆವು. ಬಂದದ್ದು ಒಳಮೈಗೆ ತೆಳುವಾಗಿ ಪ್ಲಾಸ್ಟಿಕ್ ಹಚ್ಚಿದ ಪೇಪರ್ ಪ್ಲೇಟು. ಪೇಟೆಯಿಂದ ಕಟ್ಟುಕಟ್ಟಾಗಿ ಬರುತ್ತದೆ, ಬೆಲೆಯೂ ಕಡಿಮೆ. ಮದುವೆಯ ಮರುದಿನ ಹಳ್ಳದ ದಂಡೆಯಲ್ಲಿ ಬಿದ್ದಿರುತ್ತದೆ. ಅದನ್ನು ಎತ್ತುವ ಖರ್ಚು ಪಂಚಾಯಿತಿಯದ್ದು, ತಿಂದು ನರಳುವ ಸಂಕಟ ಹಸುವಿನದ್ದು. ತಟ್ಟೆಯ ಬೆಲೆಯಲ್ಲಿ ಇವೆರಡೂ ಸೇರಿಲ್ಲ.

ಬೆಲೆಯೇ ದೊಡ್ಡ ತೊಡಕು ಎಂದು ನಾನೂ ನಂಬಿದ್ದೆ. ಘಟಕ ನಡೆಸುವ ಅಕ್ಕ ಬೇರೆಯದನ್ನೇ ಹೇಳಿದರು: "ಬೆಲೆ ಜಾಸ್ತಿ ಅಂತ ಬಿಟ್ಟು ಹೋದೋರು ಕಮ್ಮಿ. ತಗೊಂಡು ಹೋದೋರದ್ದೇ ಕಷ್ಟ. ಮದುವೆ ಗಲಾಟೆ ಮುಗೀಲಿ ಅಂತಾರೆ, ಅಡಿಕೆ ದುಡ್ಡು ಬರ್ಲಿ ಅಂತಾರೆ. ಊರೋರೇ ಅಲ್ವಾ, ಹೆಂಗೆ ಬಾಯಿಬಿಟ್ಟು ಕೇಳೋದು?" ಅವರ ಬಾಕಿ ಪುಸ್ತಕದಲ್ಲಿ ನಮ್ಮ ಮನೆಯ ಹೆಸರೂ ಇತ್ತು. ಅಣ್ಣನ ಮಗಳ ಮದುವೆಯ ತಟ್ಟೆ, ಐದು ತಿಂಗಳ ಹಿಂದಿನ ಲೆಕ್ಕ.

ಅದೇ ಮದುವೆಯ ಚಪ್ಪರಕ್ಕೆ ಆನ್‌ಲೈನಿನಲ್ಲಿ ತರಿಸಿದ ದೀಪದ ಸರಗಳಿಗೆ, ಸರಕು ಕಣ್ಣಿಗೆ ಬೀಳುವ ಮೊದಲೇ ಹಣ ಕಟ್ಟಿದ್ದೆವು. ಗುರುತಿಲ್ಲದವರಿಗೆ ಮುಂಗಡ, ಗುರುತಿನವರಿಗೆ ಬಾಕಿ. ಇದು ನನ್ನನ್ನು ಬಹಳ ದಿನ ಕಾಡಿತು. ಸಣ್ಣ ಉದ್ದಿಮೆಗಳಿಂದ ಕೊಂಡ ಸರಕಿನ ಹಣವನ್ನು ಹೆಚ್ಚೆಂದರೆ 45 ದಿನಗಳೊಳಗೆ ಕೊಡಬೇಕೆಂದು 2006ರ ಕಾಯ್ದೆಯೊಂದು ಹೇಳುತ್ತದೆ. ಆದರೆ ದಿನವೂ ಮುಖ ನೋಡಬೇಕಾದ ಜನರ ಮೇಲೆ ಈ ನಾಲ್ವರು ಯಾವ ಕಚೇರಿಗೆ ಹೋಗಿ ದೂರು ಕೊಟ್ಟಾರು?

ಹಾಳೆಯ ಕೆಲಸ ಬೇಸಿಗೆಯನ್ನು ನಂಬಿದ್ದು. ಮಳೆ ಹಿಡಿಯುವ ಮೊದಲು ಹೆಕ್ಕಿ ಒಣಗಿಸಿ ಅಟ್ಟಿ ಹಾಕಿಟ್ಟರೆ ವರ್ಷದ ದುಡಿಮೆ. ಮಳೆಗೆ ಸಿಕ್ಕಿದ ಹಾಳೆಗೆ ಬೂಷ್ಟು ಹಿಡಿಯುತ್ತದೆ, ತಟ್ಟೆಗೆ ಬಾರದು. ತೋಟದವರಿಗೆ ಹಾಳೆಯ ದುಡ್ಡು, ಹೆಕ್ಕಿದವರಿಗೆ ಕೂಲಿ, ಎರಡನ್ನೂ ಅಲ್ಲಲ್ಲೇ ಕೊಡಬೇಕು. ಏಪ್ರಿಲಿನಲ್ಲಿ ಕೈ ಬರಿದಾದರೆ ಶ್ರಾವಣದ ಹಬ್ಬಗಳು ಬರುವಾಗ ಅಟ್ಟವೂ ಬರಿದು. ಆಗ ನಾವು ಹೋಗಿ ನಾಳೆಗೇ ಮುನ್ನೂರು ತಟ್ಟೆ ಬೇಕೆನ್ನುತ್ತೇವೆ. ಇಲ್ಲವೆಂದರೆ, ಇವರನ್ನು ನೆಚ್ಚಿಕೊಂಡರೆ ಆಗದು ಎಂದು ಪೇಟೆಯ ದಾರಿ ಹಿಡಿಯುತ್ತೇವೆ. ಅಟ್ಟ ಬರಿದಾಗಲು ನಮ್ಮ ಬಾಕಿಯೇ ಕಾರಣ ಎಂದು ಹೊಳೆಯುವುದಿಲ್ಲ.

ದೂರದ ಮಾರುಕಟ್ಟೆಯನ್ನು ನೆಚ್ಚಿದವರ ಪಾಡನ್ನೂ ನೋಡಿದ್ದೇವೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯ ಅಂಶ ಊಟಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತು. ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ನಮ್ಮ ವಿಜ್ಞಾನಿಗಳು ಚೆನ್ನಾಗಿ ಪರೀಕ್ಷಿಸಿ ಉತ್ತರ ಹೇಳಬೇಕು, ಇದರಲ್ಲಿ ಉಣ್ಣುವವರು ನಾವೂ ಹೌದಲ್ಲ. ಆದರೆ ಒಂದು ಆದೇಶಕ್ಕೆ ಅಷ್ಟು ದೂರದ ಬಾಗಿಲು ಮುಚ್ಚಿಕೊಂಡಾಗ, ಇಂಥ ಘಟಕಕ್ಕೆ ಉಳಿಯುವುದು ಸುತ್ತಲಿನ ನಾಲ್ಕೂರ ಮದುವೆ, ಮುಂಜಿ, ತಿಥಿಗಳೇ.

ಬಾಕಿಯ ವಿಷಯ ಹೇಳಿದ ಸಂಜೆಯೇ ಅಣ್ಣ ಹೋಗಿ ಲೆಕ್ಕ ತೀರಿಸಿದ. ಬರುವ ಮಾಘದಲ್ಲಿ ಮಗನ ಉಪನಯನ, ಎಂಟುನೂರು ತಟ್ಟೆ ಬೇಕೆಂದು ಅರ್ಧ ಹಣವನ್ನೂ ಮುಂಗಡ ಕೊಟ್ಟ. "ಮಾಘಕ್ಕೆ ಇನ್ನೂ ಹತ್ತು ತಿಂಗಳಿದೆ ಮಾರಾಯ್ರೇ" ಎಂದು ಅಕ್ಕ ನಕ್ಕರಂತೆ. ಮರುದಿನ ಬೆಳಿಗ್ಗೆ ಮೇಲಿನ ತೋಟದಲ್ಲಿ ಇಬ್ಬರು ಹೆಂಗಸರು ಹಾಳೆ ಹೆಕ್ಕಿ, ಬಿಸಿಲಿರುವ ಕಡೆಗೆ ಹೊರೆ ಹೊತ್ತು ಹೋಗುತ್ತಿದ್ದರು.