ರಿಪೋರ್ಟ್ ಮಗನದು, ಗುಟ್ಟು ಯಾರದು?

ದೊಡ್ಡಮ್ಮನ ಮಗಳು, ಅಂದರೆ ನನ್ನಮ್ಮನ ಅಕ್ಕನ ಮಗಳು, ನನಗೆ ಸ್ವಂತ ಅಕ್ಕನ ಹಾಗೆ. ಕಳೆದ ವರ್ಷ ಫೋನ್ ಮಾಡಿ ಮಗನ ರಿಪೋರ್ಟ್ ಬಂತು ಅಂದಳು. ಹಿಂದೆಯೇ ಇನ್ನೊಂದು ಮಾತು: "ನಿನ್ನ ತಂಗಿಗೆ ಮಾತ್ರ ಹೇಳ್ಬೇಡ ಕಣೋ." ಆ ಎರಡನೇ ಮಾತೇ ನನ್ನ ನಿದ್ದೆ ಕೆಡಿಸಿತು.

ಹುಡುಗನಿಗೆ ಹನ್ನೆರಡು ವರ್ಷ. ಫಿಟ್ಸ್, ವಾಂತಿ, ಕಿವಿ ಮಂದ, ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಮೊದಲು ರಕ್ತದ ಲ್ಯಾಕ್ಟೇಟ್ ನೋಡಿದರು, ಹೆಚ್ಚಿತ್ತು. ಆದರೆ ಅದನ್ನೊಂದೇ ನಂಬುವ ಹಾಗಿಲ್ಲ. ಮಗು ಅತ್ತು ಕೊಸರಾಡಿದರೂ, ತೋಳಿಗೆ ಕಟ್ಟಿದ ಪಟ್ಟಿ ಹೆಚ್ಚು ಹೊತ್ತು ಬಿಗಿದೇ ಇದ್ದರೂ ಲ್ಯಾಕ್ಟೇಟ್ ಏರುತ್ತದೆ. ಈಗೀಗ ಎಫ್‌ಜಿಎಫ್-21, ಜಿಡಿಎಫ್-15 ಎಂಬ ಪ್ರೋಟೀನುಗಳನ್ನೂ ಅಳೆಯುತ್ತಾರೆ. ಜೀವಕೋಶದೊಳಗೆ ಉಂಡ ಅನ್ನವನ್ನು ಶಕ್ತಿಯಾಗಿಸುವ ಒಲೆ ಮೈಟೊಕಾಂಡ್ರಿಯಾ. ಅದು ಸರಿಯಾಗಿ ಉರಿಯದಿದ್ದಾಗ ಇವು ಹೆಚ್ಚುತ್ತವೆ. ಲಿವರ್ ಕಾಯಿಲೆಯಲ್ಲೂ ಹೆಚ್ಚಬಹುದು. ಹೊಗೆ ಕಾಣುತ್ತದೆ, ಯಾವ ಮನೆಯದು ಅಂತ ತಿಳಿಯುವುದಿಲ್ಲ.

ಅದನ್ನು ಹೇಳಿದ್ದು ಜೀನ್ ಪರೀಕ್ಷೆ. ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ 16,569 ಅಕ್ಷರಗಳು. ಅದರಲ್ಲಿ 3243ನೆಯದು 'ಎ' ಇರಬೇಕಾದಲ್ಲಿ 'ಜಿ'. ಮೆಲಾಸ್ ಎಂಬ ಕಾಯಿಲೆಗೂ ಈ ಬದಲಾವಣೆಗೂ ಇರುವ ನಂಟು 1990ರಲ್ಲೇ ಗೊತ್ತಾಗಿದೆ. ಗುಣಪಡಿಸುವ ಔಷಧ ಇನ್ನೂ ಇಲ್ಲ.

ಮೊದಲಿನ ಪರೀಕ್ಷೆಗಳು ಹುಡುಗನ ಬಗ್ಗೆ ಮಾತ್ರ ಹೇಳಿದವು. ಇದು ಹಾಗಲ್ಲ. ಈ ಡಿಎನ್‌ಎ ಬರುವುದು ತಾಯಿಯಿಂದ. ಹಾಗಾಗಿ ಅವನ ರಿಪೋರ್ಟಿನಲ್ಲಿ ಅಕ್ಕ ಇದ್ದಾಳೆ, ದೊಡ್ಡಮ್ಮ ಇದ್ದಾರೆ. ಸಕ್ಕರೆ ಕಾಯಿಲೆಯ, ಕಿವಿ ಕೇಳಿಸದ ನಮ್ಮಜ್ಜಿಯೂ ಇರಬಹುದು. ನನ್ನಮ್ಮ, ನಾನು, ಮದುವೆಗೆ ಗಂಡು ನೋಡುತ್ತಿರುವ ನನ್ನ ತಂಗಿಯೂ ಇರಬಹುದು.

ಅಕ್ಕನ ಹೆದರಿಕೆ ಸುಳ್ಳಲ್ಲ. "ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ" ಅಂತ ಅವಳ ಅತ್ತೆ ಆಗಲೇ ಅಂದಾಗಿತ್ತು. ವಿಷಯ ಹೊರಬಿದ್ದರೆ ತಂಗಿಯ ಸಂಬಂಧ ಮುರಿಯುತ್ತೆ, ವಾಸಿಯಾಗದ ಕಾಯಿಲೆ ಗೊತ್ತಾಗಿ ಏನು ಭಾಗ್ಯ ಅನ್ನೋದು ಅವಳ ವಾದ.

ಭಾಗ್ಯ ಅಲ್ಲ, ಆದರೆ ಉಪಯೋಗ ಇದೆ. ಇಂಥವರಿಗೆ ಫಿಟ್ಸ್‌ಗೆ ವ್ಯಾಲ್ಪ್ರೊಯೇಟ್, ಸಕ್ಕರೆಗೆ ಮೆಟ್‌ಫಾರ್ಮಿನ್ ಕೊಡುವುದನ್ನು ವೈದ್ಯರು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಕಿವಿ, ಹೃದಯ, ಸಕ್ಕರೆ ಆಗಾಗ ನೋಡಿಸಿಕೊಳ್ಳಬಹುದು. ಮಕ್ಕಳ ವಿಷಯ ಮುಂಚೆಯೇ ಯೋಚಿಸಬಹುದು. ಏನೂ ತಿಳಿಯದೆ ನೆಮ್ಮದಿಯಾಗಿರುವ ಹಕ್ಕು ತಂಗಿಗಿದೆ, ಒಪ್ಪುತ್ತೇನೆ. ಆದರೆ "ನನಗೆ ಬೇಡ" ಅಂತ ಹೇಳಬೇಕಾದವಳು ಅವಳು. ಅವಳ ಪರವಾಗಿ ನಾವೇ ಬೇಡ ಅಂದರೆ ಅದು ಹಕ್ಕಲ್ಲ, ನಮ್ಮ ಅನುಕೂಲ.

ಇಷ್ಟೆಲ್ಲ ಹೇಳುವುದು ನನಗೆ ಸುಲಭ. ನಾನು ಗಂಡಸು, ನನ್ನಲ್ಲಿದ್ದರೂ ಅದು ನನ್ನ ಮಗಳಿಗೆ ದಾಟುವುದಿಲ್ಲ, ಯಾರೂ ನನ್ನನ್ನು ಅನ್ನುವುದಿಲ್ಲ. ಅದಕ್ಕೇ ಮೊದಲು ನನ್ನ ಪರೀಕ್ಷೆ ಮಾಡಿಸಿಕೊಂಡೆ. ವಯಸ್ಸಾದಂತೆ ರಕ್ತದಲ್ಲಿ ಈ ಬದಲಾವಣೆಯ ಪ್ರಮಾಣ ಇಳಿಯುತ್ತದಂತೆ, ಮೂತ್ರದಲ್ಲಿ ಹಿಡಿಯುವುದು ಸುಲಭ ಅಂತ ಒಂದು ಬಾಟಲಿ ಕೊಟ್ಟರು. ಇತ್ತು, ಸ್ವಲ್ಪ.

ಅಕ್ಕನಿಗೆ ಫೋನ್ ಮಾಡಿದೆ. "ನಿನ್ನ ಮಗನ ವಿಷಯ ನಾನಾಗಿ ಎತ್ತಲ್ಲ. ಆದ್ರೆ ನನ್ನ ರಿಪೋರ್ಟ್ ತಂಗಿಗೆ ತೋರಿಸ್ತೀನಿ."

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿಂಗೂ ಇದೆಯೇನೋ?" ಅಂದಳು. ಆ ದನಿಯಲ್ಲಿ ಸಂಕಟದ ಜೊತೆ ಒಂಚೂರು ಸಮಾಧಾನವೂ ಇತ್ತು, ನನಗೆ ಬೇಜಾರಾಗಲಿಲ್ಲ. ಕೊಟ್ಟವಳು ಅಂತ ಎಲ್ಲರೂ ಅವಳನ್ನು ನೋಡಿದ್ದರು. ಅವಳಿಗೂ ಅದು ಬಂದದ್ದೇ, ಅವಳು ಬೇಡಿ ಪಡೆದದ್ದಲ್ಲ ಅಂತ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮರುದಿನ ಅವಳೇ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಇಬ್ಬರನ್ನೂ ಕೇಳಿಯೇ ಇದನ್ನು ಬರೆದಿದ್ದೇನೆ. ತಂಗಿ ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಮಾಡಿಸ್ಕೋ ಅಂತ ನಾನು ಹೇಳುವುದಿಲ್ಲ.