ಬಯಸದೆ ಬಂದ ಉಪವಾಸ

ವ್ರತವನ್ನು ಬಯಸಿ ಕೈಗೊಂಡವನ ಹಸಿವು ಬೇರೆ, ಬಯಸದೆ ಒದಗಿದ ಹಸಿವು ಬೇರೆ. ಎರಡರಲ್ಲಿಯೂ ಬರಿದಾಗುವ ಹೊಟ್ಟೆ ಒಂದೇ ಆದರೂ ಒಳಗಿನ ಪರಿಣಾಮ ಒಂದೇ ಅಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ ದೇವಾಯುವಿನ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಅಕಾಮನಿರ್ಜರೆಯನ್ನೂ ಎಣಿಸಿದ್ದಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುತ್ತ, ಸೆರೆಯಲ್ಲಿ ಸಿಕ್ಕಿದವನು ಸಹಿಸುವ ಹಸಿವು ಬಾಯಾರಿಕೆಗಳನ್ನು ಉದಾಹರಿಸುತ್ತಾರೆ. ಹಾಗಾದರೆ ಶ್ರಾವಕನ ನಿತ್ಯಜೀವನದಲ್ಲಿ ತಾನಾಗಿ ಬಂದೆರಗಿದ ಕಷ್ಟಕ್ಕೆ ಬೆಲೆಯೇನು? ಬೆಳಗಿನಿಂದ ಸಂಜೆಯವರೆಗೆ ಕೆಟ್ಟುಹೋದ ದಿನವೊಂದರಲ್ಲಿ ಲಾಭವೆಂದು ಎಣಿಸಬಹುದಾದದ್ದು ಏನಾದರೂ ಉಳಿದಿರುತ್ತದೆಯೆ?

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ವೈಶಾಖದ ಚತುರ್ದಶಿ. ಕೊಪ್ಪಳದ ಒಬ್ಬ ವ್ಯಾಪಾರಿಗೆ ಅಂದು ಏಕಭುಕ್ತದ ನಿಯಮ. ಅಕ್ಕಿಯ ಬಾಕಿ ವಸೂಲಿಗೆಂದು ಮುಂಜಾನೆಯೇ ಗಂಗಾವತಿಗೆ ಹೋದನು. ಮಧ್ಯಾಹ್ನಕ್ಕೆ ಮರಳಿ ಮನೆಯಲ್ಲಿ ಉಣ್ಣುವುದು ಅವನ ಲೆಕ್ಕ. ಬಾಕಿದಾರನು ಊರಲ್ಲಿರಲಿಲ್ಲ. ಕಾದು ಕಾದು ಹೊರಟರೆ, ಬಸ್ಸು ಗಿಣಿಗೇರಿಯನ್ನು ಮುಟ್ಟುವ ಮೊದಲೇ ಕೆಟ್ಟು ನಿಂತಿತು. ರಸ್ತೆಯ ಬದಿಯಲ್ಲಿ ಮರವೆಂಬುದಿಲ್ಲ. ಬಂಡೆಗಳ ಮೇಲಿನಿಂದ ಬಿಸಿಗಾಳಿ ಬೀಸುತ್ತಿತ್ತು. ಅವನು ಮನೆಯ ಹೊಸ್ತಿಲನ್ನು ತುಳಿದಾಗ ಸೂರ್ಯನು ಮುಳುಗಿ ಆಗಿತ್ತು. ಅಡುಗೆ ಸಿದ್ಧವಾಗಿದ್ದರೂ ಉಣ್ಣುವ ಹೊತ್ತು ಮೀರಿತ್ತು. ಹಣವೂ ಇಲ್ಲ, ಅನ್ನವೂ ಇಲ್ಲ. ಎದುರಿಗೆ ಬಂದ ಮಗನ ಮೇಲೆ ಅವನು ಸಿಡುಕಿದನು. ಒಳಗಿನಿಂದ ಮುದುಕಿ ತಾಯಿ ಕೇಳಿದಳು: “ಊಟ ಅಂತೂ ಬಿಟ್ಟಿ. ಸಿಟ್ಟು ಯಾಕ ಉಣ್ತಿ, ತಮ್ಮಾ?”

ಆ ತಾಯಿಯ ಮಾತಿನಲ್ಲಿ ಶಾಸ್ತ್ರದ ಸಾರವೇ ಅಡಗಿದೆ. ಅನಿಷ್ಟವಾದುದು ಬಂದಾಗ ಅದು ಯಾವಾಗ ತೊಲಗೀತೆಂದು ಪದೇಪದೇ ಚಿಂತಿಸುವುದು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದು. ಆಹಾರ ತಪ್ಪಿದುದು ಒಂದು ಹೊತ್ತಿನ ಮಾತು. ಅದಕ್ಕಾಗಿ ಕುದಿಯುವ ಮನಸ್ಸು ಕಟ್ಟಿಕೊಳ್ಳುವ ಕರ್ಮವು ಆ ಹೊತ್ತಿಗೇ ಮುಗಿಯುವುದಿಲ್ಲ. ಸುಮ್ಮನೆ ಹಸಿದಿದ್ದ ಮಾತ್ರಕ್ಕೆ ಆ ದಿನ ಸಾರ್ಥಕವಾಗದು. ಶಾಂತಭಾವದಿಂದ ಸಹಿಸಿದಾಗಲೇ ಅದಕ್ಕೆ ಬೆಲೆ.

ಕೊಪ್ಪಳದವರಿಗೆ ಈ ವಿಚಾರವನ್ನು ನೆನಪಿಸುವ ಕುರುಹು ಊರ ಹತ್ತಿರವೇ ಇದೆ. ಪಾಲ್ಕಿಗುಂಡು ಬೆಟ್ಟದ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕಲ್ಲಿನಲ್ಲಿ ಕಡೆಯಲಾಗಿದೆ. ಅವನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಅಲ್ಲಿಯ ಚಿಕ್ಕ ಹಳಗನ್ನಡ ಶಾಸನವು ಹೇಳುತ್ತದೆ. ಈ ಆಚಾರ್ಯರೇ ಸಂಸ್ಕೃತದ 31 ಸರ್ಗಗಳ ವರಾಂಗಚರಿತದ ಕರ್ತೃಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಕೃತಿಯನ್ನು ಡಾ. ಆ. ನೇ. ಉಪಾಧ್ಯೆಯವರು ಸಂಪಾದಿಸಿ 1938ರಲ್ಲಿ ಪ್ರಕಟಿಸಿದರು.

ಅದರ ನಾಯಕನಾದ ರಾಜಕುಮಾರ ವರಾಂಗನಿಗೆ ಬಂದಷ್ಟು ಕೆಟ್ಟ ದಿನಗಳು ಯಾರಿಗೂ ಬರಲಾರವು. ಮಂತ್ರಿಯ ಕಪಟದಿಂದ ದುಷ್ಟ ಕುದುರೆಯೊಂದು ಅವನನ್ನು ಕಾಡಿಗೆ ಒಯ್ದು ಬಾವಿಯಲ್ಲಿ ಕೆಡಹುತ್ತದೆ. ಹೇಗೋ ಮೇಲೆ ಬಂದರೆ ಹುಲಿ ಬೆನ್ನಟ್ಟುತ್ತದೆ, ಅವನು ಮರವನ್ನೇರುತ್ತಾನೆ. ಆನೆಯೊಂದರ ದೆಸೆಯಿಂದ ಹುಲಿಯ ಭಯ ನೀಗುತ್ತದೆ. ನೀರಿಗಿಳಿದರೆ ಮೊಸಳೆ ಕಾಲು ಹಿಡಿಯುತ್ತದೆ; ಯಕ್ಷಿಯೊಬ್ಬಳು ಬಿಡಿಸುತ್ತಾಳೆ. ಮುಂದೆ ಬೇಡರ ಸೆರೆಯಲ್ಲಿ ಬಲಿಯಾಗಬೇಕಾದವನು, ಅವರ ಒಡೆಯನ ಮಗನಿಗೆ ಏರಿದ ಹಾವಿನ ವಿಷವನ್ನು ಇಳಿಸಿ ಬಿಡುಗಡೆ ಪಡೆಯುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆನೆಯಾಗಲಿ ಯಕ್ಷಿಯಾಗಲಿ ಅವನಿಗೆ ಕಳೆದುಹೋದ ರಾಜ್ಯವನ್ನು ತಂದುಕೊಡಲಿಲ್ಲ. ಆ ಗಳಿಗೆಯನ್ನು ದಾಟಲು ಬೇಕಾದಷ್ಟೇ ನೆರವು ಅವನಿಗೆ ಸಿಕ್ಕಿತು. ತಾನು ಸ್ವೀಕರಿಸಿದ್ದ ವ್ರತವನ್ನು ಕೈಬಿಡದೆ ಅವನು ಅಷ್ಟರಲ್ಲಿಯೇ ಮುನ್ನಡೆದನು.

ಜಿನಧರ್ಮವು ಸೃಷ್ಟಿಕರ್ತನನ್ನಾಗಲಿ ವರವನ್ನು ಕೊಡುವವನನ್ನಾಗಲಿ ಒಪ್ಪುವುದಿಲ್ಲವಷ್ಟೆ. ಹೀಗಿರುವಾಗ ಸಣ್ಣಪುಟ್ಟ ಭಾಗ್ಯಗಳನ್ನು ಯಾರ ಕೊಡುಗೆಯೆಂದು ನೆನೆಯಬೇಕು ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದಲ್ಲಿಯೇ ಇದೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತವೆಂದು ಅಲ್ಲಿ ಹೇಳಿದೆ. ಸುಖದುಃಖಗಳಿಗೆ ತನ್ನ ಕರ್ಮವೇ ಕಾರಣವೆಂಬುದು ನಿಜ. ಆದರೆ ನಿಮಿತ್ತರಾಗಿ ಬಂದವರನ್ನು ಮರೆಯಬೇಕೆಂದು ಅದರ ಅರ್ಥವಲ್ಲ. ಮೇಲೆ ಹೇಳಿದ ವ್ಯಾಪಾರಿಯು ಅಂದಿನ ಲೆಕ್ಕವನ್ನು ಮತ್ತೊಮ್ಮೆ ನೋಡಿದರೆ ಏನು ಕಾಣುತ್ತದೆ? ನಿಂತ ಬಸ್ಸಿನ ಬಳಿ ಪರಿಚಯವಿಲ್ಲದ ರೈತನೊಬ್ಬನು ತನ್ನ ಕೊಡೆಯ ಅರ್ಧ ನೆರಳನ್ನು ಅವನಿಗೆ ಕೊಟ್ಟಿದ್ದನು. ಮನೆಯಲ್ಲಿ ಹೆಂಡತಿಯು ಅವನ ದಾರಿಯನ್ನು ನೋಡುತ್ತ ತಾನೂ ಉಣ್ಣದೆ ಉಳಿದಿದ್ದಳು. ಅದನ್ನು ಅವನು ಕೇಳಿಯೂ ಇರಲಿಲ್ಲ. ಬೈಸಿಕೊಂಡ ಮಗನೇ ಕಾಲಿಗೆ ನೀರು ತಂದಿಟ್ಟಿದ್ದನು. ತಾಯಿಯ ಒಂದು ಮಾತು ಅವನ ಕೋಪವನ್ನು ತಡೆಯಿತು. ಆ ದಿನದ ದೊಡ್ಡ ಲಾಭ ಅದೇ. ಬಾರದ ಬಾಕಿ ನಾಳೆಯಾದರೂ ಬಂದೀತು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಸಹಿಸಿದ್ದಕ್ಕೆ ಪ್ರತಿಯಾಗಿ ಇಂಥ ಫಲ ಸಿಗಲೆಂದು ಬಯಸಿದರೆ ಅದು ನಿದಾನವಾಗುತ್ತದೆ; ವ್ರತವು ವ್ಯಾಪಾರವಾಗುತ್ತದೆ. ಎರಡನೆಯದು ಇನ್ನೂ ಮುಖ್ಯವಾದುದು. ತನ್ನ ಕಷ್ಟದಲ್ಲಿ ಒಳಿತನ್ನು ಕಾಣುವುದು ಸಾಧನೆ. ಪರರ ಕಷ್ಟದಲ್ಲಿ ಒಳಿತನ್ನು ತೋರಿಸಿ ಸುಮ್ಮನಾಗುವುದು ನಿರ್ದಯೆ. ಬಾಗಿಲಿಗೆ ಬಂದ ಹಸಿದವನಿಗೆ ಅಕಾಮನಿರ್ಜರೆಯ ಉಪದೇಶ ಸಲ್ಲದು, ಅನ್ನವೇ ಸಲ್ಲಬೇಕು. ಗುಣಾಧಿಕರಲ್ಲಿ ಪ್ರಮೋದವನ್ನು ಹೇಳಿದ ಸೂತ್ರವೇ ಕ್ಲೇಶಪಡುವವರಲ್ಲಿ ಕಾರುಣ್ಯವನ್ನೂ ಹೇಳಿದೆ. ಆ ವ್ಯಾಪಾರಿಯು ಮೊದಲು ತನ್ನ ಹೆಂಡತಿಯ ಹಸಿವನ್ನು ವಿಚಾರಿಸಬೇಕಾಗಿತ್ತು.

ಶ್ರಾವಕ ಶ್ರಾವಿಕೆಯರು ಸಂಜೆಯ ಪ್ರತಿಕ್ರಮಣದಲ್ಲಿ ಆ ದಿನದ ದೋಷಗಳನ್ನು ಎಣಿಸುತ್ತಾರೆ. ಅದರೊಡನೆ ಆ ದಿನ ತಮ್ಮ ದೋಷ ಹೆಚ್ಚದಂತೆ ತಡೆದವರನ್ನೂ ಒಮ್ಮೆ ನೆನೆಯುವುದು ಯೋಗ್ಯ. ನೆರಳು ಕೊಟ್ಟವರು, ಕಾದವರು, ತಿದ್ದಿದವರು ಎಂದು ನಾಲ್ಕು ಹೆಸರುಗಳು ಸಿಕ್ಕರೂ ಸಾಕು. ಪಾಲ್ಕಿಗುಂಡಿನ ಕಲ್ಲಿನಲ್ಲಿ ಚಾವಯ್ಯನ ಕೆಲಸವು ಒಂದು ಜೋಡಿ ಪಾದಗಳಷ್ಟೇ. ಆದರೂ ಗುರುವಿನ ಉಪಕಾರವನ್ನು ಅವನು ಮರೆಯಲಿಲ್ಲವೆಂಬುದಕ್ಕೆ ಅದು ಇಂದಿಗೂ ಸಾಕ್ಷಿಯಾಗಿದೆ. ಬಯಸದೆ ಬಂದ ಉಪವಾಸವು ಹೊಟ್ಟೆಯನ್ನು ಬರಿದು ಮಾಡಿದ ರಾತ್ರಿಯೂ ಇಂಥ ನೆನಹಿನಿಂದ ಮನಸ್ಸು ತುಂಬಬಲ್ಲದು.